ವ ಮೊದಲೋ ಳ ಮೊದಲೋ

ನಮ್ಮಣ್ಣ ನನ್ನ ಕೆನ್ನೆಗೆ ಹೊಡೆದದ್ದು ಅಮ್ಮನವರ ಗುಡಿಯ ಮುಂದೆ, ನನ್ನ ತಲೆಯ ಮೇಲೆ ತಂಬಿಟ್ಟಿನ ಆರತಿ ಉರಿಯುತ್ತಿರುವಾಗ. ಹೊಡೆತಕ್ಕೆ ತಟ್ಟೆ ಹಿಂದಕ್ಕೆ ವಾಲಿ ಬಿಸಿ ತುಪ್ಪ ಕತ್ತಿನ ಮೇಲೆ ಸುರಿಯಿತು. ಚರ್ಮ ಬೆಂದಿತೇ ಹೊರತು ಕೂದಲಿಗೆ ಬೆಂಕಿ ಹತ್ತಲಿಲ್ಲ. ಆವತ್ತು ತಲೆ ತುಂಬ ಒದ್ದೆ ಮಲ್ಲಿಗೆ ಮುಡಿದಿದ್ದೆ. ಮುಡಿಸಿದವಳು ಗುಡಿಯ ಅಮ್ಮನೇ ಅಂತ ಈಗಲೂ ಅಂದುಕೊಳ್ಳುತ್ತೇನೆ.

ನಮ್ಮದು ಪುಟ್ಟೇನಹಳ್ಳಿ ಕೆರೆಯ ಆಚೆಗಿನ ಒಂದು ಹಳ್ಳಿ. ಹಳ್ಳಿ ಅಂತ ನಾವು ಹೇಳುತ್ತೇವೆ, ಬಾಡಿಗೆಗೆ ಬರುವವರು ಜೆ.ಪಿ. ನಗರ ಅನ್ನುತ್ತಾರೆ. ಹೊಲ ಇದ್ದ ಕಡೆ ಈಗ ನಾಲ್ಕು ಅಂತಸ್ತಿನ ಬಿಲ್ಡಿಂಗು, ಪಿ.ಜಿ., ಮೊಮೊ ಅಂಗಡಿ. ಆದರೂ ಅಮ್ಮನವರ ಗುಡಿ ಇದ್ದಲ್ಲೇ ಇದೆ, ಹಳೇ ಮನೆತನಗಳೂ ಇದ್ದಲ್ಲೇ ಇವೆ. ಅರಳಿಕಟ್ಟೆಯವರು, ಕೆರೆಕೋಡಿಯವರು, ಗಾಣದವರು ಅಂತ ಒಂದೊಂದು ಮನೆಗೂ ಒಂದು ಅಡ್ಡಹೆಸರು. ನಾನು ಹುಟ್ಟಿದ್ದು ಬಾವಿಮನೆಯಲ್ಲಿ, ಸೇರಿದ್ದು ಬಾಳೆಮನೆಗೆ. ಬಾವಿ ಮುಚ್ಚಿ ಅದರ ಮೇಲೆ ಪಾರ್ಕಿಂಗ್ ಮಾಡಿದ್ದಾರೆ. ಬಾಳೆ ಗಿಡ ನಮ್ಮ ಹಿತ್ತಲಲ್ಲಿ ಎರಡೇ ಎರಡು ಉಳಿದಿವೆ. ಹೆಸರು ಮಾತ್ರ ಹಾಗೇ ಇದೆ, ಹೆಸರಿನ ಜೊತೆ ಹಗೆಯೂ.

ಆಷಾಢದ ಕಡೇ ಶುಕ್ರವಾರ ಎಲ್ಲ ಮನೆಯ ಹೆಂಗಸರೂ ತಂಬಿಟ್ಟಿನ ಆರತಿ ಹೊತ್ತು ಗುಡಿಗೆ ಹೋಗಬೇಕು. ಮೈಕಿನಲ್ಲಿ ಮನೆಯ ಹೆಸರು ಕೂಗುತ್ತಾರೆ, ಕೂಗಿದವರು ಒಳಗೆ ಹೋಗಬೇಕು. ಅರಳಿಕಟ್ಟೆಯವರು ಮೊದಲು ಹೋದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಆ ಮನೆಯಲ್ಲಿ ಈಗ ಇರುವುದು ಒಬ್ಬ ಅಜ್ಜಿ. ಬಾವಿಮನೆ, ಬಾಳೆಮನೆ ಇಬ್ಬರಲ್ಲಿ ಯಾರು ಮುಂದೆ ಅನ್ನುವುದಷ್ಟೇ ನಮ್ಮೂರಿನ ಲೆಕ್ಕ.

ನಾನು ಚಿಕ್ಕವಳಿದ್ದಾಗ ಅದನ್ನು ತೋಳ್ಬಲದಲ್ಲೇ ತೀರ್ಮಾನ ಮಾಡುತ್ತಿದ್ದರು. ಒಂದು ವರ್ಷ ನಮ್ಮ ಚಿಕ್ಕಪ್ಪ ಬೀಸಿದ ದೊಣ್ಣೆಗೆ ಬಾಳೆಮನೆ ಯಜಮಾನರ ಒಂದು ಕಣ್ಣು ಹೋಯಿತು. ವಾರ ಕಳೆಯುವುದರೊಳಗೆ ಚಿಕ್ಕಪ್ಪನನ್ನು ರಾಗಿ ಹೊಲದಲ್ಲಿ ಕೆಡವಿ ಮೊಣಕಾಲಿನ ಮೇಲೆ ಕಲ್ಲು ಎತ್ತಿಹಾಕಿದರು. ಅವನು ಸಾಯುವವರೆಗೂ ಕುಂಟಿದ. ಕಣ್ಣು ಕಳೆದುಕೊಂಡ ಆ ಯಜಮಾನರೇ ಮುಂದೆ ನನ್ನ ಮಾವ. ನಾನು ಮದುವೆಗೆ ಬಂದ ಹೊತ್ತಿಗೆ, ಇನ್ನು ಸಾಕು ಅಂತ ದೊಡ್ಡವರೆಲ್ಲ ಕೂತು ಎರಡು ರಾಜಿ ಮಾಡಿದರು. ಒಂದು, ನನ್ನನ್ನು ಬಾಳೆಮನೆಗೆ ಕೊಡುವುದು. ಇನ್ನೊಂದು, ಆರತಿಗೆ ಅಕ್ಷರಮಾಲೆಯ ಪ್ರಕಾರ ಕರೆಯುವುದು. ಊರಿನ ಹಳೇ ಮೇಷ್ಟ್ರು ಸೂಚಿಸಿದ್ದು ಅದು. "ಅಕ್ಷರಕ್ಕೆ ದಾಯಾದಿಗಳಿಲ್ಲ ಕಣ್ರಯ್ಯ" ಅಂದರಂತೆ. ಎರಡೂ ಹೆಸರು ಬಾ ಅಂತಲೇ ಶುರು, ನೋಡಬೇಕಾದ್ದು ಎರಡನೇ ಅಕ್ಷರ: ಬಾವಿಯ ವ ಮುಂಚೆ ಬರುತ್ತದೆ, ಬಾಳೆಯ ಳ ವರ್ಣಮಾಲೆಯ ಕಟ್ಟಕಡೆಯ ಅಕ್ಷರ. ಹಾಗಾಗಿ ತವರು ಮುಂದೆ, ಗಂಡನ ಮನೆ ಹಿಂದೆ. ಮಾವನವರು ಒಂದೇ ಕಣ್ಣಲ್ಲಿ ಮೇಷ್ಟ್ರನ್ನು ದಿಟ್ಟಿಸಿ ನೋಡಿ, "ಆಗ್ಲಿ, ಹೆಣ್ಣು ನಮ್ಮನೆಗೆ ಬಂತಲ್ಲ" ಅಂತ ಒಪ್ಪಿದರಂತೆ.

ಮೇಷ್ಟ್ರು ತೀರಿಕೊಂಡ ಮೇಲೆ ಪಟ್ಟಿ ಯಾರು ಬರೆದರೂ ಅನುಮಾನ ಶುರುವಾಯಿತು. ಮನುಷ್ಯರ ಕೈ ಬೇಡ, ಕಂಪ್ಯೂಟರ್ ಮಾಡಲಿ ಅಂತ ಗುಡಿ ಕಮಿಟಿಯವರು ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದರು. ಮದುವೆಗೆ ಮುಂಚೆ ಬನಶಂಕರಿಯಲ್ಲಿ ಡಿ.ಟಿ.ಪಿ. ಕಲಿತಿದ್ದವಳು ಊರಲ್ಲಿ ನಾನೊಬ್ಬಳೇ. ಅದಕ್ಕೆ ಅದು ನಮ್ಮ ಮುಂಗೋಣೆಗೆ ಬಂತು. ಒಂದೊಂದು ಮನೆಗೂ ಒಂದೊಂದು ಫೋಲ್ಡರ್, ಅದರೊಳಗೆ ಆ ಮನೆಯವರ ಪೂಜೆಯ ಫೋಟೋಗಳು. ಮಿಷನ್ ಬಲು ನಿಧಾನ. ಕತ್ರಿಗುಪ್ಪೆಯ ರಿಪೇರಿ ಅಂಗಡಿಯವರು ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದರು: ಕಪ್ಪು ಪರದೆ ತೆಗೆದು ls ಅಂತ ಎರಡಕ್ಷರ ಹೊಡೆದರೆ ಫೋಲ್ಡರುಗಳ ಹೆಸರೆಲ್ಲ ಅಕ್ಷರಕ್ರಮದಲ್ಲಿ ಸಾಲಾಗಿ ಬರುತ್ತವೆ, ಅದನ್ನೇ ಪ್ರಿಂಟ್ ತೆಗೆದರೆ ಆಯಿತು. ಎರಡೂ ಮನೆಯವರ ಮುಂದೆ ಕರ್ಪೂರ ಹಚ್ಚಿ ನನ್ನಿಂದ ಆಣೆ ಮಾಡಿಸಿದರು: ಮಿಷನ್ ಕೊಟ್ಟ ಪಟ್ಟಿಗೆ ಪೆನ್ನು ಮುಟ್ಟಿಸುವುದಿಲ್ಲ. ಎಷ್ಟೋ ವರ್ಷ ಮಿಷನ್ನೂ ಮೇಷ್ಟ್ರ ಹಾಗೇ ಬಾವಿ, ಬಾಳೆ ಅಂತಲೇ ಕೊಟ್ಟಿತು.

ಅಣ್ಣ ನನಗೆ ಹೊಡೆದ ವರ್ಷದ ಬೇಸಿಗೆಯಲ್ಲಿ ಕರೆಂಟು ಒಮ್ಮೆಲೇ ಜಾಸ್ತಿ ಬಂದು ಮಿಷನ್ ಸುಟ್ಟಿತು. ಕತ್ರಿಗುಪ್ಪೆಯವರು ಇನ್ನೊಂದು ಡಬ್ಬ ಜೋಡಿಸಿ, ಎಲ್ಲ ಹೊಸದಾಗಿ ಹಾಕಿ, ಫೋಲ್ಡರುಗಳನ್ನು ಇದ್ದ ಹಾಗೇ ತುಂಬಿಕೊಟ್ಟರು. ಒಂದೂ ಫೋಟೋ ಕಳೆದಿರಲಿಲ್ಲ. ಅಂಗಡಿ ಕಡೆಗೆ ಕೈ ಮುಗಿದು ತಂದಿಟ್ಟುಕೊಂಡೆ.

ಕಡೇ ಶುಕ್ರವಾರ ಬೆಳಗ್ಗೆ ತಂಬಿಟ್ಟು ಕಟ್ಟಿಟ್ಟು, ಕೈ ತೊಳೆದು, ls ಹೊಡೆದು ಪ್ರಿಂಟ್ ತೆಗೆದೆ. ಅರಳಿಕಟ್ಟೆ, ಕೆರೆಕೋಡಿ, ಗಾಣ, ತೋಪು, ಎಲ್ಲ ಇದ್ದಲ್ಲೇ ಇದ್ದವು. ಆಮೇಲೆ ಬಾಳೆಮನೆ. ಅದರ ಕೆಳಗೆ ಬಾವಿಮನೆ.

ಪ್ರಿಂಟ್ ಹಿಡಿದು ಹಿತ್ತಲಿಗೆ ಹೋದೆ. ನಮ್ಮನೆಯವರು ಹಲ್ಲುಜ್ಜುತ್ತಿದ್ದರು. "ರೀ, ಇಲ್ನೋಡಿ. ನಮ್ಮದು ಮೇಲೆ ಬಂದ್ಬಿಟ್ಟಿದೆ" ಅಂದೆ.

"ಬಂದ್ರೆ ಬರ್ಲಿ ಬಿಡು. ನಿಮ್ಮಣ್ಣ ಇಷ್ಟು ವರ್ಷ ಮೀಸೆ ತಿರುವ್ಕೊಂಡು ಮುಂದೆ ಹೋಗಿಲ್ವಾ?"

"ತಪ್ಪು ರೀ ಇದು. ಳ ಕೊನೇಲಿ ಅಲ್ವಾ ಬರೋದು? ಒಂದ್ನೇ ಕ್ಲಾಸ್ ಮಗೂನ ಕೇಳಿ ಬೇಕಾದ್ರೆ."

"ಪೆನ್ನು ಮುಟ್ಟಿಸಲ್ಲ ಅಂತ ಕರ್ಪೂರ ಹಚ್ಚಿದೋಳು ನೀನೇ. ಮುಟ್ಟಿಸ್ತೀಯಾ ಈಗ?"

ಮುಟ್ಟಿಸಲಿಲ್ಲ. ಅತ್ತಿಗೆಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಅವರ ಕೈಯೂ ಅಕ್ಕಿ ಹಿಟ್ಟಿನಲ್ಲಿ ಇದ್ದಿರಬೇಕು. ಪ್ರಿಂಟ್ ಹಿಡಿದು ಗುಡಿ ಯಜಮಾನರ ಹತ್ತಿರ ಓಡಿದೆ. ಅವರು ಏಣಿ ಮೇಲೆ ನಿಂತು ಮಾವಿನ ತೋರಣ ಕಟ್ಟುತ್ತಿದ್ದರು. ಕೆಳಗೆ ಇಳಿಯಲೇ ಇಲ್ಲ. "ಮಿಷನ್ ಕೊಟ್ಟಿದ್ದು ತಾಯಿ ಕೊಟ್ಟಿದ್ದು ಅಂದ್ಕೋಮ್ಮ. ನೀನು ಕೈ ಹಾಕಿದ್ರೆ ನಿನ್ ತಲೆ ಮೇಲೆ ಬರುತ್ತೆ." ಕೈ ಹಾಕದೇ ಇದ್ದರೂ ನನ್ನ ತಲೆಯ ಮೇಲೇ ಬಂತು. ಆ ಮಾತು ಬೇರೆ.

ಮೈಕಿನಲ್ಲಿ ತೋಪಿನವರದು ಆಯಿತು. ಅತ್ತಿಗೆ ರೂಢಿಯ ಹಾಗೆ ತಟ್ಟೆಯನ್ನು ತಲೆಗೆ ಏರಿಸಿಕೊಂಡು ಎರಡು ಹೆಜ್ಜೆ ಮುಂದಿಟ್ಟಾಗಿತ್ತು. "ಬಾಳೆಮನೆ!" ಅಂತ ಮೈಕು ಕೂಗಿತು. ತಮಟೆ ನಿಂತಿತು. ಅತ್ತಿಗೆ ತಿರುಗಿ ನನ್ನನ್ನು ನೋಡಿದರು. ನನ್ನ ತಟ್ಟೆ ತಲೆ ಮೇಲೆ ಇತ್ತು, ಹಿಂದಿನಿಂದ ನಮ್ಮ ವಾರಗಿತ್ತಿಯರು "ನಡಿಯಕ್ಕ, ನಡಿ" ಅಂತ ನೂಕುತ್ತಿದ್ದರು.

ಅಣ್ಣ ಗಂಡಸರ ಸಾಲಿನಿಂದ ಸೀಳಿಕೊಂಡು ಬಂದ. "ಯಾರು ಮಾಡಿದ್ದು ಪಟ್ಟಿ? ನೀನೇ ತಾನೇ? ತಿಂದ ಮನೆಗೆ ಎರಡು ಬಗೆದ್ಯೇನೇ?" ಅಂದ. ಬಾಯಿ ತೆರೆಯುವುದರೊಳಗೆ ಕೈ ಬಿತ್ತು.

ನಮ್ಮನೆಯವರು ಮೆತ್ತಗಿನ ಮನುಷ್ಯ. ಜಿರಲೆಯನ್ನೂ ಪೇಪರಿನಲ್ಲಿ ಎತ್ತಿ ಆಚೆ ಬಿಡುವವರು. ಆವತ್ತು ಅಣ್ಣನ ಕೊರಳಪಟ್ಟಿ ಹಿಡಿದು, ಅವನ ಬಾಯಿಗೇ ಗುದ್ದಿದರು. ಹಲ್ಲು ತುಟಿಗೆ ನೆಟ್ಟು ಅಣ್ಣನ ಬಿಳೀ ಅಂಗಿ ಕೆಂಪಾಯಿತು. ಅತ್ತಿಗೆ ತಟ್ಟೆ ಎಸೆದು ನನ್ನ ಜಡೆಗೆ ಕೈ ಹಾಕಿದರು. ಇಬ್ಬರೂ ನೆಲಕ್ಕೆ ಬಿದ್ದೆವು. ಬಿದ್ದಲ್ಲಿಂದ ನನಗೆ ಕಾಲುಗಳಷ್ಟೇ ಕಾಣುತ್ತಿದ್ದವು. ಕಾಲುಗಳ ಕೆಳಗೆ ತಂಬಿಟ್ಟು, ಇನ್ನೂ ಉರಿಯುತ್ತಿದ್ದ ಬತ್ತಿ, ಪ್ಲಾಸ್ಟಿಕ್ ಕುರ್ಚಿಯ ಮುರಿದ ಕಾಲು. ಬಾಳೆಮನೆ ಕಡೆಯವರು ಯಾರೋ ಶಾಮಿಯಾನದ ಕಂಬ ಕಿತ್ತು ಅಣ್ಣನ ಬಲಗೈಗೆ ಬೀಸಿದರು. ಒಣ ಸೌದೆ ಮುರಿದ ಶಬ್ದ ಬಂತು. ಎದುರುಗಡೆ ಪಿ.ಜಿ. ಬಾಲ್ಕನಿಯಲ್ಲಿ ಹುಡುಗಿಯರು "ಅಂಕಲ್ ಬೇಡ! ಅಂಕಲ್ ಬಿಡಿ!" ಅಂತ ಅಳುತ್ತಲೇ ಫೋನ್ ಹಿಡಿದಿದ್ದರು.

ಗುಡಿ ಗೋಡೆಗೆ ತೆಂಗಿನಕಾಯಿ ಸುಲಿಯುವ ಸಲಾಕೆ ಒರಗಿತ್ತು. ಮುರಿಯದೆ ಉಳಿದಿದ್ದ ಎಡಗೈಯಲ್ಲಿ ಅಣ್ಣ ಅದನ್ನು ಎತ್ತಿಕೊಂಡದ್ದನ್ನು ಕಂಡೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಸಲಾಕೆ ನಮ್ಮನೆಯವರ ತಲೆಯ ಪಕ್ಕಕ್ಕೆ ಬಿತ್ತು. ಅವರು ಕೂತರು, ಏನೋ ನೆನಪಾದವರ ಹಾಗೆ. ಆಮೇಲೆ ಕಿವಿಯ ಹಿಂದಿನಿಂದ ರಕ್ತ ಬಂದು ಶಲ್ಯ, ಪಂಚೆ ತೊಯ್ದು ಕಲ್ಲುಹಾಸಿನ ಮೇಲೆ ಅಕ್ಕಿ ಹಿಟ್ಟಿಗೆ ಕಲೆಸಿಕೊಂಡಿತು. ಏಟು ಇನ್ನೊಂದಿಷ್ಟು ಬಲವಾಗಿದ್ದರೆ ತಲೆಬುರುಡೆಯೇ ಬಿಚ್ಚುತ್ತಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು; ಅಣ್ಣನ ಬಲಗೈ ಆಗಿದ್ದರೆ ಅಷ್ಟು ಬಲ ಇರುತ್ತಿತ್ತು. ಅವನ ಬಲಗೈ ಮುರಿದ ಆ ಕಂಬಕ್ಕೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕುಂಕುಮ ಇಡುತ್ತೇನೆ. ಹೀಗೆ ಹೇಳಬಾರದು. ಆದರೂ ಇಡುತ್ತೇನೆ.

ಜಯನಗರದ ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿದರು. ಪೊಲೀಸರು ಬಂದು ಕೇಳಿದರೆ ಎರಡು ಕಡೆಯವರೂ ಬಾಯಿ ಬಿಡಲಿಲ್ಲ. ಅದು ನಮ್ಮೂರಿನ ಪದ್ಧತಿ. ನಮ್ಮ ಜಗಳಕ್ಕೆ ನಮ್ಮದೇ ಕೋರ್ಟು, ತೀರ್ಪೂ ನಮ್ಮದೇ. ಆ ತೀರ್ಪನ್ನು ನನ್ನ ಮೈದುನ ಆಸ್ಪತ್ರೆಯ ಮೆಟ್ಟಿಲ ಮೇಲೇ ಹೇಳಿದ. "ಅತ್ತಿಗೆ, ನೀವು ಅಳ್ಬೇಡಿ. ನಾಳೆ ಅವನಿಗೆ ಇನ್ನೊಂದು ಕೈಯೂ ಇರಲ್ಲ."

"ಅವನು ನಮ್ಮಣ್ಣ ಕಣೋ."

"ನಿಮ್ಮಣ್ಣ ಅಂತಲೇ ಕೈ. ಬೇರೆಯವನಾಗಿದ್ರೆ ಕತ್ತು."

ಮಾರನೇ ದಿನ ಬೆಳಗ್ಗೆ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಮಚ್ಚು ಮಸೆಯುವ ಸದ್ದು ಕೇಳಿಸಿತು. ಒಳಗೆ, ರಾತ್ರಿಯೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ನಮ್ಮನೆಯವರು ತಲೆ ಸುತ್ತಿ ವಾಂತಿ ಮಾಡುತ್ತಿದ್ದರು. ಅವರ ಬಾಯಿ ಒರೆಸಿ, ಸುಮ್ಮನೆ ದೇವರ ಮನೆಯಲ್ಲಿ ನಿಂತೆ. ತಾಯಿ, ನನಗೆ ಗಂಡನೂ ಬೇಕು, ಅಣ್ಣನೂ ಬೇಕು. ಒಬ್ಬರನ್ನು ಉಳಿಸಿ ಇನ್ನೊಬ್ಬರನ್ನು ತಗೋಬೇಡ. ಇಷ್ಟೇ ಕೇಳಿದ್ದು. ಕೇಳಿಕೊಂಡ ಮೇಲೆ ಎದ್ದು ಮಿಷನ್ ಮುಂದೆ ಕೂತೆ. ನಾನು ಪಟ್ಟಿ ತಿರುಚಲಿಲ್ಲ ಅನ್ನುವುದನ್ನು ತೋರಿಸಿದರೆ ಮಚ್ಚು ಕೆಳಗಿಳಿಯುತ್ತದೆ ಅಂತ ನಂಬಿದ್ದೆ.

ಹೋದ ವರ್ಷದ ಪಟ್ಟಿ ಬಾಗಿಲ ಹಿಂದೆ ಅಂಟಿಸಿದ್ದು ಹಾಗೇ ಇತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಬೇರೆ ಯಾರದೂ ಅಲುಗಿಲ್ಲ, ನಮ್ಮಿಬ್ಬರದೇ ಅದಲು ಬದಲು. ಯಾರು ನೋಡಿದರೂ ಬೇಕಂತಲೇ ಮಾಡಿದ್ದು ಅನ್ನುವ ಹಾಗೆ. ನನಗೇ ನನ್ನ ಮೇಲೆ ಅನುಮಾನ ಬಂತು.

ಕತ್ರಿಗುಪ್ಪೆಗೆ ಫೋನ್ ಮಾಡಿದೆ. ಹಿತ್ತಲಿನ ಸದ್ದು ಅವರಿಗೂ ಕೇಳಿಸುತ್ತಿತ್ತು. "ಏನು ಆಂಟಿ, ಮನೇಲಿ ಕೆಲಸ ನಡೀತಿದ್ಯಾ?" ಅಂದರು.

"ಹ್ಞೂಂ, ನಡೀತಿದೆ. ಬೇಗ ಹೇಳಪ್ಪ, ನಮ್ಮ ಪಟ್ಟಿ ಯಾಕೆ ಅದಲು ಬದಲಾಯ್ತು?"

locale ಅಂತ ಹೊಡೆದು ಏನು ಬರುತ್ತೆ ಓದಿ ಅಂದರು. ಹೊಡೆದೆ. ಸಾಲು ಸಾಲಾಗಿ ಏನೇನೋ ಬಂತು. ಕನ್ನಡ, ಇಂಡಿಯಾ ಅನ್ನುವ ಗುರುತು ಎಲ್ಲೂ ಇರಲಿಲ್ಲ, ಸಾಲಿಗೊಂದು C ಇತ್ತು.

"ಅಯ್ಯೋ, ಭಾಷೆ ಸೆಟ್ ಮಾಡೋದು ಬಿಟ್ಟೋಗಿದೆ ಆಂಟಿ. ಹಳೇದರಲ್ಲಿ ಇತ್ತು. C ಅಂದ್ರೆ ಯಾವ ದೇಶಾನೂ ಇಲ್ಲ, ಯಾವ ಭಾಷೇನೂ ಇಲ್ಲ ಅಂತ. ಆಗ ಅದು ಅಕ್ಷರ ನೋಡಲ್ಲ, ಅಕ್ಷರದ ನಂಬರ್ ನೋಡಿ ಜೋಡಿಸುತ್ತೆ."

"ಅಕ್ಷರಕ್ಕೆ ಎಂಥ ನಂಬರಪ್ಪ?"

"ಕಂಪ್ಯೂಟರ್ ಒಳಗೆ ಎಲ್ಲಾ ಅಕ್ಷರಕ್ಕೂ ಒಂದು ನಂಬರ್ ಇರುತ್ತೆ. ಆ ನಂಬರಿನ ಸಾಲಲ್ಲಿ ಳ ಕೊನೇಲಿಲ್ಲ. ಲ ಪಕ್ಕದಲ್ಲೇ ಕೂತಿದೆ, ವಗಿಂತ ಮುಂಚೆ."

"ಯಾರು ಕೂರಿಸಿದ್ದು ಅದನ್ನ ಅಲ್ಲಿ?"

"ನಂಗೇನ್ ಗೊತ್ತು ಆಂಟಿ? ಯಾರೋ ಯಾವ ಕಾಲದಲ್ಲೋ ಕೂರಿಸಿದ್ದು. ಅವರಿಗೆ ಲ, ಳ ಒಂದೇ ಥರ ಕೇಳಿಸ್ತೇನೋ."

ಲ ಪಕ್ಕದಲ್ಲಿ ಳ ಕೂರಿಸಿದ ಆ ಯಾರೋ ಒಬ್ಬರಿಗೆ ಬಾವಿಮನೆಯೂ ಗೊತ್ತಿರಲಿಲ್ಲ, ಬಾಳೆಮನೆಯೂ ಗೊತ್ತಿರಲಿಲ್ಲ. ಅವರು ಕೂರಿಸಿದ ಜಾಗಕ್ಕೆ ನಮ್ಮನೆಯವರ ತಲೆ ಒಡೆಯಿತು. ಫೋನಿನಲ್ಲೇ ಹೇಳಿಕೊಟ್ಟ ಎರಡು ಸಾಲು ಹೊಡೆದು ಮಿಷನ್ನಿಗೆ ಕನ್ನಡ ಹಾಕಿಕೊಂಡೆ. ಈಗ ls ಮುಂದೆ LC_ALL=C ಅಂತ ಸೇರಿಸಿದರೆ ಬಾಳೆ ಮೇಲೆ ಬರುತ್ತಿತ್ತು. ಅದರ ಬದಲು LC_ALL=kn_IN.UTF-8 ಅಂತ ಸೇರಿಸಿದರೆ ಬಾವಿ ಮೇಲೆ. ಅವೇ ಫೋಲ್ಡರುಗಳು, ಅದೇ ಮಿಷನ್. ನನ್ನ ಕಣ್ಣಲ್ಲಿ ನೀರು ಬಂತು. ಸಿಕ್ಕಿಬಿಟ್ಟಿತು, ಇನ್ನು ಎಲ್ಲರಿಗೂ ತೋರಿಸಿದರೆ ಮುಗಿಯಿತು ಅಂದುಕೊಂಡೆ.

ಕರೆಯುವ ಮುಂಚೆಯೇ ಅಣ್ಣ ಬಂದ. ಮಧ್ಯಾಹ್ನದ ಬಿಸಿಲಿನಲ್ಲಿ, ಕೊರಳಿಗೆ ಜೋಳಿಗೆಯಂತೆ ನೇತುಹಾಕಿಕೊಂಡ ಪ್ಲಾಸ್ಟರ್ ಕೈ, ಊದಿದ ತುಟಿ. ಒಬ್ಬನೇ ಬಂದಿದ್ದ. ಅದೊಂದು ದಯೆ. ಹೊಸಲು ದಾಟಿ, "ಆ ಮಿಷನ್ ಕೊಡು. ಕೆರೆಗೆ ಹಾಕ್ತೀನಿ. ನಿನ್ನನ್ನ ಆಮೇಲೆ ನೋಡ್ಕೋತೀನಿ" ಅಂದ.

ಹಿತ್ತಲಿನ ಸದ್ದು ನಿಂತಿತು. ಮೈದುನ ಒಳಬಾಗಿಲಿಗೆ ಬಂದು ನಿಂತ. ಮಚ್ಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಬಂದ್ಯಾ? ಒಳ್ಳೇದಾಯ್ತು. ಪೆಟ್ರೋಲ್ ಉಳೀತು."

ನಾನು ಇಬ್ಬರ ಮಧ್ಯೆ ಕುರ್ಚಿ ಎಳೆದು ಕೂತೆ. "ಕಡಿಯೋದಾದ್ರೆ ಆಮೇಲೆ ಕಡೀರಿ. ಒಂದು ನಿಮಿಷ ಇಲ್ಲಿ ನೋಡಿ" ಅಂದೆ. ನನ್ನ ಧ್ವನಿ ನನಗೇ ನಮ್ಮ ಅತ್ತೆಯದರ ಹಾಗೆ ಕೇಳಿಸಿತು. ಇಬ್ಬರೂ ನೋಡಿದರು.

ಮೊದಲು C ಹಾಕಿ ಹೊಡೆದೆ. "ಇದು ನಿನ್ನೆ ಬಂದಿದ್ದು. ಮಿಷನ್ನಿಗೆ ಭಾಷೆ ಇರ್ಲಿಲ್ಲ. ರಿಪೇರಿ ಮಾಡಿದಾಗ ಮರೆತಿದ್ದಾರೆ. ನಾನು ಮುಟ್ಟಿಲ್ಲ." ಆಮೇಲೆ ಕನ್ನಡ ಹಾಕಿ ಹೊಡೆದೆ. ಬಾವಿಮನೆ ಮೇಲೇರಿತು. "ಇದು ಮೇಷ್ಟ್ರು ಹೇಳಿದ್ದು. ಮಿಷನ್ ಮರೆತದ್ದಕ್ಕೆ ನೀವು ಯಾಕೆ ಸಾಯ್ತೀರಿ?"

ಅಣ್ಣನ ಊದಿದ ತುಟಿಯಲ್ಲಿ ನಗು ಬಂತು. "ನೋಡ್ದೇನೋ? ನಮ್ಮದೇ ಮುಂದೆ! ಮಿಷನ್ನೇ ಹೇಳ್ತಿದೆ. ನಿಮ್ಮಣ್ಣನ ತಲೆ ಒಡೆದಿದ್ದು ನ್ಯಾಯ."

ಮೈದುನ ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಅಂದ್ರೆ ನೀವು ಬೇಕು ಅಂದಾಗ ಅವರನ್ನ ಮೇಲೆ ಹಾಕ್ಬೋದು, ಬೇಕು ಅಂದಾಗ ನಮ್ಮನ್ನ. ಇಷ್ಟು ವರ್ಷ ನಿಮ್ಮ ತವರನ್ನ ಮೇಲೆ ಹಾಕಿದ್ದು ನೀವೇ ಹಾಗಾದ್ರೆ."

ಅಣ್ಣನ ನಗು ನಿಂತುಹೋಯಿತು. ಅವನೂ ನನ್ನನ್ನೇ ನೋಡಿದ. "ಹೌದಲ್ಲೇ! ನಿನ್ನೆ ಅವರನ್ನ ಹಾಕಿದ್ದೂ ನೀನೇ!"

ಬೆಳಗಿಂದ ಯಾವುದನ್ನು ನನ್ನ ಸಾಕ್ಷಿ ಅಂದುಕೊಂಡಿದ್ದೆನೋ ಅದೇ ನನ್ನ ಮೇಲಿನ ಅಪರಾಧವಾಯಿತು. ಎರಡು ಅಕ್ಷರ ಬದಲಿಸಿದರೆ ಮಿಷನ್ ಎರಡು ಮಾತು ಆಡುತ್ತದೆ ಅಂತ ತೋರಿಸಿಕೊಟ್ಟವಳು ನಾನೇ. ಇನ್ನು ಯಾರು ಅದನ್ನು ನಂಬುತ್ತಾರೆ? ನನ್ನನ್ನು ಯಾರು ನಂಬುತ್ತಾರೆ? ಹುಟ್ಟಿದ ಮೇಲೆ ಮೊದಲ ಸಲ ನನ್ನಣ್ಣ, ನನ್ನ ಮೈದುನ ಇಬ್ಬರದೂ ಒಂದೇ ಅಭಿಪ್ರಾಯ ಆಗಿತ್ತು.

ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. "ಮೊದ್ಲು ನಿಮ್ಮನೆ ಹೆಂಗಸರನ್ನ ಸರಿಯಾಗಿ ಇಟ್ಕೊಳ್ಳೋ" ಅಂದ ಅಣ್ಣ. "ನಿಮ್ಮನೆಯಿಂದ ಬಂದಿದ್ದು ತಾನೇ ಆ ಬುದ್ಧಿ" ಅಂದ ಮೈದುನ. ಅಣ್ಣ ಎಡಗೈಯಿಂದ ಅವನ ಎದೆಗೆ ನೂಕಿದ. ಮೈದುನನ ಬೆನ್ನು ಗೋಡೆಗೆ ಬಡಿದು, ಮಾವನವರ ಫೋಟೋ ಕೆಳಗೆ ಬಿದ್ದು ಗಾಜು ಒಡೆಯಿತು. ಸತ್ತ ಅಪ್ಪನ ಒಂಟಿ ಕಣ್ಣು ನೆಲದಿಂದ ನೋಡುತ್ತಿತ್ತು. ಮಗನ ಮುಖದಲ್ಲಿ ಏನೋ ಕಳಚಿತು. ಮಚ್ಚು ಮೇಲೆದ್ದಿತು.

ಅಣ್ಣನ ಒಂದು ಕೈ ಕೊರಳಲ್ಲಿ ನೇತಾಡುತ್ತಿತ್ತು. ಅಡ್ಡ ಹಿಡಿಯಲು ಏನೂ ಇರಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಕೀಬೋರ್ಡು. ವೈರು ಕಿತ್ತು ಬಂತು. ಎರಡೂ ಕೈಯಲ್ಲಿ ಹಿಡಿದು ಅಣ್ಣನ ಮುಖದ ಮುಂದೆ ಎತ್ತಿದೆ.

ಮಚ್ಚು ಕೀಬೋರ್ಡನ್ನು ಓರೆಯಾಗಿ ಸೀಳಿ ಒಳಗೇ ಕಚ್ಚಿಕೊಂಡಿತು. ಹಿದುಕಿದ ಅವರೆಕಾಳಿನ ಹಾಗೆ ಕೀಲಿಗಳು ನೆಲದ ತುಂಬ ಸಿಡಿದವು. ನೋವು ಗೊತ್ತಾಗಲಿಲ್ಲ. ಎಡಗೈ ಮೊಳಕೈವರೆಗೂ ಬೆಚ್ಚಗಾಯಿತು, ಅಷ್ಟೇ. ನೋಡಿದರೆ ಕಿರುಬೆರಳಿನ ಮೇಲಿನ ಗೆಣ್ಣು ಇರಲಿಲ್ಲ. ಕೀಲಿಗಳ ಮಧ್ಯೆ ಎಲ್ಲೋ ಬಿದ್ದಿತ್ತು.

ರಕ್ತ ಮಾವನವರ ಫೋಟೋದ ಮೇಲೆ ತೊಟ್ಟಿಕ್ಕಿತು. ಮೈದುನ ಮಚ್ಚಿನ ಹಿಡಿ ಬಿಟ್ಟು "ಅತ್ತಿಗೆ" ಅಂದ. ಅವನಿಗೆ ಐದು ವರ್ಷ ಇದ್ದಾಗ ನಾನು ಆ ಮನೆಗೆ ಬಂದವಳು. ಮೊದಲ ಸಲ ಅತ್ತಿಗೆ ಅಂದಾಗಲೂ ಅದೇ ಧ್ವನಿಯಲ್ಲಿ ಅಂದಿದ್ದ. ಅಣ್ಣ ಒಂದೇ ಕೈಯಲ್ಲಿ ಹೆಗಲ ಟವೆಲ್ ಎಳೆದು ಸುತ್ತಲು ಹೋದ, ಆಗಲಿಲ್ಲ. "ಹಿಡ್ಕೊಳ್ಳೋ ಈ ಕಡೆ!" ಅಂತ ಮೈದುನನ ಮೇಲೆ ರೇಗಿದ. ಮೈದುನ ಹಿಡಿದುಕೊಂಡ. ಒಬ್ಬ ಸುತ್ತಿದ, ಇನ್ನೊಬ್ಬ ಗಂಟು ಹಾಕಿದ.

ಆಟೋ ಸಿಗಲಿಲ್ಲ. ಮೈದುನ ಸ್ಕೂಟರ್ ಓಡಿಸಿದ, ಅಣ್ಣ ಹಿಂದೆ ಕೂತ, ನಾನು ಮಧ್ಯೆ. ಅಣ್ಣನ ಪ್ಲಾಸ್ಟರು ನನ್ನ ಬೆನ್ನಿಗೆ ಒತ್ತುತ್ತಿತ್ತು. ಜಯನಗರದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ತ್ರಿಬಲ್ ರೈಡಿಂಗ್ ಅಂತ ಕೈ ಅಡ್ಡ ಹಾಕಲು ಬಂದವರು, ಟವೆಲ್ ನೋಡಿ ದಾರಿ ಬಿಡಿಸಿಕೊಟ್ಟರು. ಅವರನ್ನೂ ಪೂಜೆಯಲ್ಲಿ ನೆನೆಯುತ್ತೇನೆ.

ನಿನ್ನೆ ನಮ್ಮನೆಯವರಿಗೆ ಹೊಲಿಗೆ ಹಾಕಿದ್ದ ಡಾಕ್ಟರಮ್ಮನೇ ಇದ್ದರು. ನನ್ನನ್ನು, ಹಿಂದೆ ನಿಂತಿದ್ದ ಇಬ್ಬರನ್ನು ನೋಡಿ, "ಇದು ಹೇಗಾಯ್ತು?" ಅಂದರು.

"ತೆಂಗಿನಕಾಯಿ ಒಡೀತಿದ್ರು" ಅಂದರು ಇಬ್ಬರೂ ಒಟ್ಟಿಗೆ.

"ಮಚ್ಚಲ್ಲಾ?"

"ಹ್ಞೂಂ ಮೇಡಂ."

"ನಿನ್ನೆ ಇವರ ಯಜಮಾನರಿಗೂ ತೆಂಗಿನಕಾಯಿನೇ ಬಿದ್ದಿದ್ದಾ?"

ಇಬ್ಬರೂ ನೆಲ ನೋಡಿದರು. ಬಾವಿಮನೆ, ಬಾಳೆಮನೆ ಸೇರಿ ಒಂದೇ ಸುಳ್ಳು ಹೇಳಿದ್ದು ನನಗೆ ತಿಳಿದ ಹಾಗೆ ಅದೇ ಮೊದಲು. ಬೆರಳಿನ ತುದಿಯನ್ನು ಕೂಡಿಸಲು ಆಗಲಿಲ್ಲ. ಹೆಬ್ಬೆರಳು ಹೋಗಿದ್ದರೆ ಏನು ಗತಿ, ಬಲಗೈ ಹೋಗಿದ್ದರೆ ರಂಗೋಲಿ ಹೇಗೆ ಅಂತ ಹಾಸಿಗೆಯಲ್ಲಿ ಯೋಚಿಸುತ್ತ ಮಲಗಿದ್ದೆ. ಹೊರಗೆ ಬೆಂಚಿನ ಮೇಲೆ ಅವರಿಬ್ಬರೂ ನಡುವೆ ಒಂದು ಸೀಟು ಖಾಲಿ ಬಿಟ್ಟು ಕೂತಿದ್ದರು. ಮೈದುನ ಎರಡು ಕಾಫಿ ತಂದ. ಅಣ್ಣ ಒಂದು ತೆಗೆದುಕೊಂಡ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮನೆಯವರಿಗೆ ಈಗಲೂ ಎಡಗಿವಿ ಮಂದ. ಅತ್ತಿಗೆ ನನ್ನ ಫೋನ್ ತೆಗೆಯುತ್ತಿರಲಿಲ್ಲ. ಶ್ರಾವಣ ಪೂರ್ತಿ ತವರಿನ ಬೀದಿಯಲ್ಲಿ ನಾನು ತಲೆ ತಗ್ಗಿಸಿಕೊಂಡೇ ತರಕಾರಿಗೆ ಹೋಗಿಬಂದೆ. ಗುಡಿ ಕಮಿಟಿಯವರು ಹೊಸ ಕೀಬೋರ್ಡು ತಂದುಕೊಟ್ಟರು, ಪಟ್ಟಿಯ ಮಾತು ಎತ್ತಲಿಲ್ಲ. ನಾನೇ ಕೂತು, ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿದರೂ ಮರೆಯದ ಹಾಗೆ ಮಿಷನ್ನಿಗೆ ಕನ್ನಡ ಕಾಯಂ ಮಾಡಿದೆ. ದಿನಾ ದೀಪ ಹಚ್ಚಿದ ಮೇಲೆ ಒಂದು ಸಲ ls ಹೊಡೆದು ನೋಡುವುದು ಅಭ್ಯಾಸವಾಯಿತು. ಬಾವಿ, ಬಾಳೆ. ಸರಿ. ಸ್ತೋತ್ರ ಹೇಳಿದ ಹಾಗೆ.

ಗೌರಿ ಹಬ್ಬ ಬಂತು. ತವರಿನಿಂದ ಅಣ್ಣ ಬಾಗಿನ ತರಬೇಕಾದ ಹಬ್ಬ. ಬೆಳಗಿನಿಂದ ಹದಿನಾರು ಎಳೆಯ ದಾರ ಕಟ್ಟಿಕೊಂಡು, ಪೂಜೆ ಮುಗಿಸಿ, ಒಬ್ಬಟ್ಟಿನ ಹೂರಣ ಕಲೆಸುತ್ತ, ಕಿವಿ ಗೇಟಿನ ಕಡೆಗೇ ಇತ್ತು. ನಮ್ಮನೆಯವರು "ಬರಲ್ಲ ಬಿಡು, ಸುಮ್ನೆ ಯಾಕೆ ಕಾಯ್ತೀಯಾ" ಅಂದರು. ಹಾಗೆ ಅಂದವರು ಆಮೇಲೆ ತಾವೇ ಹೋಗಿ ಗೇಟಿನ ಚಿಲಕ ತೆಗೆದಿಟ್ಟು ಬಂದರು. ನಾನು ನೋಡಿದೆ. ನೋಡದವಳ ಹಾಗೆ ಇದ್ದೆ.

ಊಟದ ಹೊತ್ತಿಗೆ ಅಣ್ಣ ಬಂದ. ಪ್ಲಾಸ್ಟರು ಬಿಚ್ಚಿದ್ದ ಬಲಗೈ ಬೆಳ್ಳಗೆ, ಸಣ್ಣಗೆ ಆಗಿತ್ತು. ಮೊರದ ಬಾಗಿನವನ್ನು ಎರಡೂ ಕೈಯಲ್ಲಿ ಹಿಡಿದು ಗೇಟಿನ ಆಚೆಯೇ ನಿಂತ. ಮೈದುನ ಜಗುಲಿಯಲ್ಲಿ ಪೇಪರ್ ಓದುತ್ತಿದ್ದವನು ಎದ್ದು, ಏನು ಮಾಡಬೇಕೆಂದು ತಿಳಿಯದೆ ಕುರ್ಚಿ ಸರಿಸಿದ. ನಮ್ಮನೆಯವರು ಒಳಗಿಂದಲೇ, "ಬಿಸಿಲಲ್ಲಿ ನಿಂತ್ಕೊಂಡು ಯಾರಿಗೆ ದರ್ಶನ ಕೊಡ್ತಿದ್ದಾರೆ ಕೇಳು ನಿಮ್ಮಣ್ಣನ್ನ" ಅಂದರು.

ಅಣ್ಣ ಒಳಗೆ ಬಂದ. ಬಾಗಿನ ಕೊಡುವಾಗ ಅವನ ಕಣ್ಣು ನನ್ನ ಎಡಗೈ ಮೇಲೆ ನಿಂತಿತು. ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಮುಂಗೋಣೆಯ ಮಿಷನ್ ಕಡೆ ಗದ್ದ ಎತ್ತಿ ಕೇಳಿದ, "ಅದೇನಂತೆ ಈಗ? ಕನ್ನಡ ಬಂತಂತಾ ಅದಕ್ಕೆ?"

"ಕಲಿಸಿದ್ದೀನಿ. ದಿನಾ ಪಾಠ ಒಪ್ಪಿಸುತ್ತೆ."

"ಇನ್ನೊಂದ್ಸಲ ಮರೆತುಬಿಟ್ರೆ?"

"ಇನ್ನೂ ಒಂಬತ್ತು ಬೆರಳಿದೆ ಬಿಡಣ್ಣ" ಅಂದೆ.

ಅವನ ಮುಖ ಬಾಡಿಹೋಯಿತು. ನನಗೆ ಹೊಡೆದ ಆ ಕೈಯನ್ನು ಏನು ಮಾಡಬೇಕೋ ತಿಳಿಯದವನ ಹಾಗೆ ಬೆನ್ನ ಹಿಂದೆ ಇಟ್ಟುಕೊಂಡ. ಆಮೇಲೆ ಕೂತ. ಮೈದುನ ಎಲೆ ಹಾಕಿದ. ಒಬ್ಬಟ್ಟಿಗೆ ತುಪ್ಪ ಯಾರಿಗೆ ಮೊದಲು ಬಡಿಸಲಿ ಅಂತ ಒಂದು ಕ್ಷಣ ನಿಂತೆ. ಗಂಡನೂ ಕಾಯುತ್ತಿದ್ದರು, ಅಣ್ಣನೂ ಕಾಯುತ್ತಿದ್ದ. ತುಪ್ಪದ ಗಿಂಡಿಯನ್ನು ಇಬ್ಬರ ನಡುವೆ ನೆಲಕ್ಕೆ ಇಟ್ಟು, "ನೀವೇ ಹಾಕ್ಕೊಳ್ಳಿ" ಅಂದು ಅಡುಗೆ ಮನೆಗೆ ಬಂದುಬಿಟ್ಟೆ.